ಯಾರೂ ಸತ್ತಿಲ್ಲ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಂಶೋಧನೆಗೆಂದು ಕಾಶಿಯಲ್ಲಿದ್ದೆ. ಹನುಮಾನ್ ಘಾಟಿನ ಗಲ್ಲಿಯಲ್ಲಿ ನನ್ನ ಕೋಣೆಯ ಕೆಳಗೆ ಒಬ್ಬ ಪುರೋಹಿತರ ಮನೆ. ಕರ್ನಾಟಕದಿಂದ ಅಸ್ಥಿ ತಂದವರಿಗೆ ಅಪರಕರ್ಮ ಮಾಡಿಸುವುದು ಅವರ ಕೆಲಸ. ಮಾತಾಡುವಾಗಲೂ ಬೆರಳು ಸುಮ್ಮನೆ ದರ್ಭೆ ತಿರುಚುತ್ತಿತ್ತು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಯಾರೂ ಸತ್ತಿಲ್ಲಪ್ಪ." ಅಂದರೆ ಆ ವಾರ ಮನೆಯಲ್ಲಿ ತರಕಾರಿ ಇಲ್ಲ ಎಂದರ್ಥ.

ಅವರಿಗೆ ವೇದ ಬಾಯಿಪಾಠ. ಹೈಸ್ಕೂಲಿನ ಸರ್ಟಿಫಿಕೇಟ್ ಮಾತ್ರ ಇರಲಿಲ್ಲ. ಅದಿಲ್ಲದ್ದಕ್ಕೆ ಒಂದು ಹಾಸ್ಟೆಲಿನಲ್ಲಿ ಸಿಗಬೇಕಿದ್ದ ಉಗ್ರಾಣದ ಕೆಲಸ ತಪ್ಪಿಹೋಗಿತ್ತು.

ಮಗಳ ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನವೇ ಹುಬ್ಬಳ್ಳಿಯಿಂದ ಹನ್ನೊಂದು ಜನರ ಶ್ರೀಮಂತ ಕುಟುಂಬವೊಂದು ಅಸ್ಥಿ ತಂದಿತು. ಇವರು ಅಷ್ಟೂ ಜನರನ್ನು ಎದುರುಮನೆಯ ಪುರೋಹಿತರಿಗೆ ಒಪ್ಪಿಸಿ, ಶಾಲೆಯ ಗೇಟಿನ ಹೊರಗೆ ಮೂರು ಗಂಟೆ ಕೂತು ಬಂದರು.

"ಬರೆಯೋಳು ಅವಳು, ನೀವ್ಯಾಕೆ ಅಲ್ಲಿ ಕೂರಬೇಕಿತ್ತು?" ಎಂದು ಹೆಂಡತಿ ರೇಗಿದರು.

"ಮಧ್ಯದಲ್ಲಿ ಎದ್ದು ಬಂದ್ರೆ ವಾಪಸ್ ಒಳಗೆ ಕಳಿಸೋಕೆ. ನಾನು ಹೈಸ್ಕೂಲ್ ಪರೀಕ್ಷೇಲಿ ಎದ್ದು ಬಂದಾಗ ಗೇಟಲ್ಲಿ ಯಾರೂ ಇರಲಿಲ್ಲ."

ಮಗಳು ಪಾಸಾದಳು. ಇಂಟರ್, ಅಂದರೆ ಅಲ್ಲಿನ ಪಿಯುಸಿ, ಕೂಡ ಮುಗಿಸಿ, ಸಾರನಾಥದ ಒಂದು ಗ್ರಂಥಾಲಯದಲ್ಲಿ ಗುಮಾಸ್ತೆಯಾಗಿ ಸೇರಿದಳು. ಪ್ರತಿ ತಿಂಗಳೂ ಸಂಬಳ.

ಆ ಚಳಿಗಾಲ ಒಂದು ಬೆಳಿಗ್ಗೆ ಪುರೋಹಿತರು ಮೆಟ್ಟಿಲ ಬಳಿ ಸಿಕ್ಕರು. ಹದಿನೈದು ದಿನದಿಂದ ಊರಿನ ಕಡೆಯವರು ಒಬ್ಬರೂ ಬಂದಿರಲಿಲ್ಲ.

"ಹೇಗಿದ್ದೀರಿ?" ಎಂದೆ.

"ಯಾರೂ ಸತ್ತಿಲ್ಲಪ್ಪ," ಎಂದರು. ದರ್ಭೆ ತಿರುಚಲು ಕೈ ಖಾಲಿ ಇರಲಿಲ್ಲ. ಎರಡೂ ಕೈಯಲ್ಲಿ ತರಕಾರಿ ಚೀಲಗಳಿದ್ದವು.