ಯಾರೂ ಬರೆಯದ ದಡಿ

ರಾಮದುರ್ಗದ ಶಟ್ಟೆಪ್ಪನಿಗೆ ಎರಡು ಕೆಲಸ ಚೆನ್ನಾಗಿ ಬರುತ್ತಿದ್ದವು: ಸೀರೆ ನೇಯುವುದು ಮತ್ತು ದೇವರಿಲ್ಲ ಎಂದು ವಾದಿಸುವುದು. ಮೊದಲನೆಯದು ಹೊಟ್ಟೆಗಾಗಿ, ಎರಡನೆಯದು ಖುಷಿಗಾಗಿ.

ಅವನು ಬೆಳೆದ ಮನೆಯೇ ಹಾಗಿತ್ತು. ಅಪ್ಪ ಪ್ರಾಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಪಡಸಾಲೆಯ ಗೋಡೆಗೆ ಬುದ್ಧನ ಫೋಟೊ ತೂಗುಹಾಕಿದ್ದ. ಅವ್ವ ಅದಕ್ಕೂ ಕೈಮುಗಿದು, ಅಡುಗೆಮನೆಯಲ್ಲಿ ಎಲ್ಲಮ್ಮನ ಬುಟ್ಟಿಯನ್ನೂ ಇಟ್ಟುಕೊಂಡಿದ್ದಳು. ಪಡಸಾಲೆಯಲ್ಲಿ ಕೂತರೆ ದೇವರಿಲ್ಲ, ಊಟಕ್ಕೆ ಒಳಗೆ ಹೋದರೆ ಇದ್ದಾಳೆ. ಹೀಗೆ ದಿನಕ್ಕೆ ಮೂರು ಸಲ ಹೊಸ್ತಿಲು ದಾಟಿ ದಾಟಿ ಶಟ್ಟೆಪ್ಪನಿಗೆ ವಾದದ ರುಚಿ ಹತ್ತಿತು.

ಅವನಿಗೆ ಸರಿಸಮ ಸಿಕ್ಕವರು ಬೈಲಹೊಂಗಲದ ಸೀರೆ ವ್ಯಾಪಾರಿ ವಿರೂಪಾಕ್ಷ ಸಾವ್ಕಾರರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಒಂದು ಯಾಲಕ್ಕಿ. ಇಪ್ಪತ್ತು ವರ್ಷಗಳಿಂದ ಶಟ್ಟೆಪ್ಪ ತಿಂಗಳಿಗೆರಡು ಸಲ ಸೀರೆ ಗಂಟು ಹೊತ್ತು, ಸವದತ್ತಿಯಲ್ಲಿ ಬಸ್ಸು ಬದಲಿಸಿ, ಅವರ ಅಂಗಡಿಗೆ ಹೋಗುತ್ತಿದ್ದ. ಗಂಟು ಬಿಚ್ಚುವ ಮೊದಲೇ ವಾದ ಬಿಚ್ಚಿಕೊಳ್ಳುತ್ತಿತ್ತು.

"ಎಲ್ಲಾದಕ್ಕೂ ಒಂದು ಕಾರಣ ಇರತೈತಿ ಶಟ್ಟೆಪ್ಪಾ. ಹಿಂದಕ, ಹಿಂದಕ ಹೋದ್ರ ಮೊದಲನೇದಂವ ಒಬ್ಬ ಸಿಗಲೇಬೇಕು."

"ಅಂವಗ ಯಾರು ಕಾರಣರೀ?"

"ಅಂವಗ ಕಾರಣ ಬೇಕಾಗಿಲ್ಲೋ."

"ಹಂಗಾರ ಎಲ್ಲಾದಕ್ಕೂ ಅಂತ ಯಾಕಂದ್ರಿ?"

ಇನ್ನೊಂದು ಸಲ ಸಾವ್ಕಾರರು ಎಲ್ಲೋ ಪ್ರವಚನದಲ್ಲಿ ಕೇಳಿಕೊಂಡು ಬಂದು, "ಎಲ್ಲಾಕ್ಕಿಂತ ಶ್ರೇಷ್ಠ ಆದದ್ದು ಬರೇ ಮನಸಿನ್ಯಾಗ ಇದ್ರ ಶ್ರೇಷ್ಠ ಹ್ಯಾಂಗ ಆದೀತು? ಖರೇನೂ ಇರಬೇಕು" ಎಂದರು. ಶಟ್ಟೆಪ್ಪ ಕಣ್ಣು ಮುಚ್ಚಿ, "ಎಲ್ಲಾಕ್ಕಿಂತ ಶ್ರೇಷ್ಠ ಸೀರಿ ನನ್ನ ತಲ್ಯಾಗ ಐತ್ರಿ. ನಿಮ್ಮ ಕಪಾಟಿನ್ಯಾಗ ಬಂತೇನ, ನೋಡ್ರಿ ಸ್ವಲ್ಪ" ಎಂದ. ಸಾವ್ಕಾರರು ನಗು ತಡೆಯಲಾರದೆ ಯಾಲಕ್ಕಿ ನುಂಗಿಬಿಟ್ಟರು.

ಒಂದು ದಿನ ಮಾತ್ರ ಶಟ್ಟೆಪ್ಪ ಕರೆಂಟಿನ ಮಗ್ಗಕ್ಕೆ ಸಿಕ್ಕು ತುದಿ ಹೋಗಿದ್ದ ತನ್ನ ತೋರುಬೆರಳು ಮುಂದೆ ಹಿಡಿದು, "ಅಂವ ಒಳ್ಳೇಂವ ಆಗಿದ್ರ ಇದ್ಯಾಕ್ರಿ?" ಎಂದು ಕೇಳಿದ್ದ. ಸಾವ್ಕಾರರು ಆ ಬೆರಳನ್ನು ಹಿಡಿದು ನೋಡಿದರು. ವಾದ ಬಿಟ್ಟು ಚಹಾ ತರಿಸಿದರು. ಅಂದಿನಿಂದ ಶಟ್ಟೆಪ್ಪನಿಗೆ ಅವರ ಮೇಲೆ ಪ್ರೀತಿ ಹೆಚ್ಚಾಯಿತು.

ಸಾವ್ಕಾರರ ಅಚ್ಚುಮೆಚ್ಚಿನ ವಾದ ಬೇರೆ ಇತ್ತು. ಯಾವುದಾದರೂ ಸೀರೆಯ ಅಂಚಿನ ದಡಿಯ ಮೇಲೆ ಬೆರಳಾಡಿಸಿ ಅನ್ನುವರು: "ಇಷ್ಟು ಚಂದನ ದಡಿ ತಾನಾಗೇ ಆತಂತ ಯಾರರೆ ಅಂದ್ರ ನಂಬತೀಯೇನು? ಬರದಾಂವ ಒಬ್ಬ ಇರಬೇಕು. ಈ ಜಗತ್ತಿಗೂ ಹಂಗ." ನೇಕಾರನಾದ ಶಟ್ಟೆಪ್ಪನಿಗೆ ಇದೊಂದಕ್ಕೆ ಮಾತ್ರ ಬಾಯಿ ಕಟ್ಟುತ್ತಿತ್ತು. ದಡಿಯ ಚಿತ್ರ ಬರೆದವನಿಲ್ಲದೆ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿತ್ರ ಬರೆದವರು ಅದರ ಪ್ರಕಾರ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಆ ಪಟ್ಟಿಗಳನ್ನು ದಾರದಿಂದ ಸರದ ಹಾಗೆ ಪೋಣಿಸಿ ಮಗ್ಗದ ಮೇಲೆ ತೂಗಿಬಿಟ್ಟರೆ ತೂತು ಹೇಳಿದಂತೆ ಎಳೆ ಏಳುತ್ತದೆ, ಎಳೆ ಎದ್ದಂತೆ ಚಿತ್ರ ಮೂಡುತ್ತದೆ.

ಹೋದ ವರ್ಷ ಶ್ರಾವಣಕ್ಕೆ ಮುಂಚೆ, ಒಂದು ಸೋಮವಾರ ಬೆಳಿಗ್ಗೆ, ಶಟ್ಟೆಪ್ಪ ಮಾವಿನಕಾಯಿ ದಡಿಯ ಸೀರೆಗೆ ಮಗ್ಗ ಚಾಲೂ ಮಾಡಿ ರೊಟ್ಟಿ ತಿನ್ನಲು ಕೂತ. ಪಟ್ಟಿಗಳ ದಾರ ಸವೆದಿತ್ತೆಂದು ಹಿಂದಿನ ದಿನ ಹೆಂಡತಿ ಕಾಡವ್ವ ಅವನ್ನು ಬಿಚ್ಚಿ ಮತ್ತೆ ಪೋಣಿಸಿ ಇಟ್ಟಿದ್ದಳು. ಕೈತೊಳೆದು ಬಂದು ನೋಡುತ್ತಾನೆ, ದಡಿಯಲ್ಲಿ ಮಾವಿನಕಾಯಿಯೇ ಇಲ್ಲ! ಅರ್ಧ ಕಾಯಿ ಇತ್ತ ತಿರುಗಿ, ಅರ್ಧ ಅತ್ತ ತಿರುಗಿ, ತೊಟ್ಟು ಕೊಕ್ಕಾಗಿ, ಎರಡೆರಡು ಹಕ್ಕಿ ಮುಖಕ್ಕೆ ಮುಖ ಕೊಟ್ಟು ಕೂತಿದ್ದವು. ನಡುವೆ ದೀಪದಂಥದ್ದೇನೋ. ಅಂಥ ದಡಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಮಗ್ಗ ನಿಲ್ಲಿಸಿದ, ಮತ್ತೆ ಬಿಟ್ಟ. ಮತ್ತೆರಡು ಹಕ್ಕಿ. "ಕಾಡವ್ವಾ! ಪಟ್ಟಿ ಹ್ಯಾಂಗ ಪೋಣಿಸಿದ್ದಿ ನೀ?"

"ಯಾಕ್ರಿ, ಹರೀತೇನು?" ಎನ್ನುತ್ತ ಅವಳು ಒಳಗಿನಿಂದ ಬರುವಷ್ಟರಲ್ಲಿ ಶಟ್ಟೆಪ್ಪ ಅಂಗಳದಲ್ಲಿ ಒಂದು ಸುತ್ತು ಕುಣಿದಾಗಿತ್ತು. "ತಪ್ಪಿ ಬಂದೈತಿ! ಯಾರೂ ಬರದಿಲ್ಲ, ತಾನಾಗೇ ಬಂದೈತಿ! ಸಾವ್ಕಾರ ಇನ್ನ ಏನಂತಾರ ನೋಡೂಣು!"

ಮೂರು ಸೀರೆ ಮುಗಿದದ್ದೇ ತಡ, ಬೈಲಹೊಂಗಲದ ದಾರಿ ಹಿಡಿದ. ಬಸ್ಸಿನಲ್ಲಿ ತುಟಿ ಅಲುಗಿಸುತ್ತ ಮಾತು ಜೋಡಿಸಿಕೊಳ್ಳುತ್ತಿದ್ದ ಅವನನ್ನು ಪಕ್ಕದವನೊಬ್ಬ ಅನುಮಾನದಿಂದ ನೋಡಿ ಸ್ವಲ್ಪ ಸರಿದು ಕೂತ.

ಸಾವ್ಕಾರರು ಸೀರೆ ಬಿಡಿಸಿದರು. ಯಾಲಕ್ಕಿ ಅಗಿಯುವುದು ನಿಂತಿತು. "ಎಂಥಾ ದಡಿಯೋ ಇದು! ಯಾರು ಬರದದ್ದು?"

ಶಟ್ಟೆಪ್ಪ ಇಪ್ಪತ್ತು ವರ್ಷ ಕಾದಿದ್ದ ಪ್ರಶ್ನೆ ಅದು. "ಯಾರೂ ಬರದಿಲ್ರಿ."

"ಹುಚ್ಚ! ಬರೀದ ಹ್ಯಾಂಗ ಬರತೈತಿ?"

"ಪಟ್ಟಿ ತಪ್ಪಿದ್ವು, ಹಕ್ಕಿ ಬಂದ್ವು. ಇನ್ನ ಜಗತ್ತಿನ ಸುದ್ದಿ ಹೇಳ್ರಿ."

ಅಂಗಡಿಗೆ ಬಂದಿದ್ದ ಚಚಡಿ ಹಳ್ಳಿಯ ಅತ್ತೆ ಸೊಸೆ ವಾದಕ್ಕೆ ಕಿವಿಗೊಡದೆ ಎರಡು ಸೀರೆ ಎತ್ತಿಕೊಂಡರು. ಮೂರನೆಯದರ ಫೋಟೊ ಸಾವ್ಕಾರರ ಸೊಸೆಯ ಮೊಬೈಲಿನಿಂದ ಹೊರಟು ಮಧ್ಯಾಹ್ನದೊಳಗೆ ಕಿತ್ತೂರು ಮುಟ್ಟಿತ್ತು.

ಸಾವ್ಕಾರರು ಸೋಲುವ ಪೈಕಿಯಲ್ಲ. "ಮಗ್ಗ ಮಾಡಿದಾಂವ ಇದ್ದ, ಪಟ್ಟಿಗಿ ತೂತ ಹೊಡದಾಂವ ಇದ್ದ. ತಪ್ಪಾಗಾಕರೆ ಏನರೆ ಇರಬೇಕಲ್ಲ? ಹೋಗಲಿ, ಇನ್ನೊಂದು ಸಲ ತಪ್ಪಿಸಿ ಇಂಥಾದ್ದು ಮತ್ತೊಂದು ತಾ. ಆಮ್ಯಾಲೆ ಮಾತಾಡೂಣು."

ಶಟ್ಟೆಪ್ಪ ಹದಿನೈದು ದಿನ ಬೇರೊಂದು ಸರದ ಪಟ್ಟಿಗಳನ್ನು ಬಿಚ್ಚಿ ಕಲಸಿ, ಕಣ್ಣು ಮುಚ್ಚಿ ಪೋಣಿಸಿ ನೇಯ್ದ. ಮೊದಲು ಕಪ್ಪೆಯಂಥದ್ದು ಬಂತು. ಆಮೇಲೆ ಹಲ್ಲು ಮುರಿದ ಬಾಚಣಿಗೆ. ಇನ್ನೊಂದರಲ್ಲಿ ಸಾಕ್ಷಾತ್ ಅವನ ಭಾವಮೈದುನ ಪರಸಪ್ಪನ ಮುಖ, ಮೀಸೆ ಸಮೇತ. ಅದನ್ನು ನೋಡಿ ಕಾಡವ್ವ ಗೋಡೆ ಹಿಡಿದುಕೊಂಡು ನಕ್ಕಳು. "ನಮ್ಮ ಅಣ್ಣನ್ನ ಯಾರು ಉಟ್ಕೋತಾರ್ರಿ!"

ಹಕ್ಕಿ ದಡಿಗೆ ಬೇಡಿಕೆ ತಡೆಯಲಾಗದೆ ಸಾವ್ಕಾರರೇ ಒಂದು ದಿನ ರಾಮದುರ್ಗಕ್ಕೆ ಬಂದರು. ಹಾಳಾದ ತುಂಡುಗಳ ರಾಶಿ ನೋಡಿ ಅವರ ಮುಖ ಅರಳಿತು. "ನೋಡಿದಿ? ಆಕಸ್ಮಿಕಕ್ಕ ಬಿಟ್ರ ಇದ ಗತಿ."

"ಒಂದ ಹಕ್ಕಿಗಿ ಇಷ್ಟು ಕಪ್ಪಿ ಆದ್ರ, ಜಗತ್ತು ನೇಯ್ದಾಂವಗ ಕಣ್ಣಿಲ್ಲಂತನ ಅರ್ಥರೀ!"

"ಹಕ್ಕಿ ಬಂದಾಗ ನೀ ಯಾಕ ಕತ್ತರಿಸಿ ಒಗೀಲಿಲ್ಲ? ಆರಿಸಿದಾಂವ ಒಬ್ಬ ಇದ್ದನಲ್ಲ!"

ಇಬ್ಬರ ದನಿಯೂ ಮಗ್ಗದ ಸದ್ದಿಗಿಂತ ಮೇಲೇರಿತು. ಕಾಡವ್ವ ಚಹಾದ ಕಪ್ಪುಗಳನ್ನು ಇಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಅಣ್ಣಾರ, ಅದು ತಪ್ಪಿ ಆಗಿಲ್ರಿ. ನಡುವಿನ ಪಟ್ಟಿ ಅಷ್ಟೂ ನಾನ ಬೋರಲ ಹಾಕೇನಿ, ಬೇಕಂತ."

ಶಟ್ಟೆಪ್ಪ ತಾನೇ ಹೋಗಿ ಮಗ್ಗ ನಿಲ್ಲಿಸಿದ. ಸಾವ್ಕಾರರು ಕೂತಲ್ಲಿಂದ ಜಿಗಿದು ಎದ್ದರು. "ಸಿಕ್ಕಳು! ಬರದಾಕಿ ಸಿಕ್ಕಳು! ಗೆದ್ನೋ ಶಟ್ಟೆಪ್ಪಾ!"

ಶಟ್ಟೆಪ್ಪ ಹೆಂಡತಿಯ ಕಡೆ ತಿರುಗಿದ. "ಹೇಳಲಿಲ್ಲ ಯಾಕ ನೀ?"

"ನೀವು ಕೇಳಿದ್ರಿ ಖರೆ, ಉತ್ತರ ಕೇಳಾಕ ನಿಂದ್ರಲಿಲ್ಲ. ಕುಣ್ಯಾಕತ್ತಿದ್ರಿ."

ಅವನು ಒಂದು ಗುಟುಕು ಚಹಾ ಕುಡಿದ. ಏನೋ ಹೊಳೆಯಿತು. "ಬೋರಲ ಹಾಕಿದ್ರ ಹಕ್ಕಿ ಬರತಾವಂತ ಗೊತ್ತಿತ್ತೇನು?"

"ನನಗೆಲ್ಲಿ ಗೊತ್ತು? ಹನ್ನೆರಡು ವರ್ಷ ಅದ ಮಾವಿನಕಾಯಿ ನೋಡಿ ನೋಡಿ ಬ್ಯಾಸರಾಗಿತ್ತು. ಏನ ಬರತೈತಿ ನೋಡೂಣಂತ ಹಾಕಿದೆ."

ಈಗ ಸಾವ್ಕಾರರ ಮುಖ ಇಳಿಯಿತು. "ಹಂಗಲ್ಲವ್ವಾ ತಂಗಿ. ದೇವರು ಸರ್ವಜ್ಞ. ಅಂವಗ ಮೊದಲ ಎಲ್ಲಾ ಗೊತ್ತಿರತೈತಿ."

"ಎಲ್ಲಾ ಮೊದಲ ಗೊತ್ತಿದ್ರ ಅಂವಗೂ ಬ್ಯಾಸರಾಗೂದಿಲ್ಲೇನ್ರಿ ಅಣ್ಣಾರ?"

ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬರೆದವಳಿದ್ದಾಳೆ, ಆದರೆ ಏನು ಬರೆದೆನೆಂದು ಅವಳಿಗೇ ಗೊತ್ತಿಲ್ಲ. ಇಪ್ಪತ್ತು ವರ್ಷಗಳ ವಾದದಲ್ಲಿ ಇಂಥ ಜಾಗಕ್ಕೆ ಅವರು ಒಮ್ಮೆಯೂ ಬಂದಿರಲಿಲ್ಲ. ಮೊದಲು ಸಾವ್ಕಾರರ ಹೊಟ್ಟೆ ಕುಲುಕಿತು. ಆಮೇಲೆ ಶಟ್ಟೆಪ್ಪನಿಗೆ ನಗು ಬಂತು. ನಕ್ಕು ನಕ್ಕು ಸಾವ್ಕಾರರ ವಿಭೂತಿ ಬೆವರಲ್ಲಿ ಕರಗಿ ಹುಬ್ಬಿಗಿಳಿಯಿತು. ಸೋತರೆ ಇಷ್ಟು ಹಗುರಾಗುತ್ತದೆಂದು ಗೊತ್ತಿದ್ದರೆ ಶಟ್ಟೆಪ್ಪ ಎಂದೋ ಸೋಲುತ್ತಿದ್ದ. ಆದರೆ ತಾನು ಸೋತೆನೇ ಎಂಬುದೂ ಅವನಿಗೆ ಖಾತ್ರಿ ಇರಲಿಲ್ಲ.

ಈಗ ಪಟ್ಟಿ ಪೋಣಿಸುವ ಕೆಲಸ ಪೂರ್ತಿ ಕಾಡವ್ವನದು. ಬೈಲಹೊಂಗಲಕ್ಕೂ ಅವಳು ಜೊತೆಗೆ ಹೋಗುತ್ತಾಳೆ. ಅಂಗಡಿಯಲ್ಲಿ ಸಾವ್ಕಾರರು ಅವಳಿಗೊಂದು ಕುರ್ಚಿ ಹಾಕಿಸಿದ್ದಾರೆ. ಅವಳು ಯಾರ ಪರವೂ ಅಲ್ಲ. ನಡುನಡುವೆ ಒಂದು ಪ್ರಶ್ನೆ ಹಾಕುತ್ತಾಳೆ, ಅಷ್ಟಕ್ಕೆ ಇಬ್ಬರ ವಾದವೂ ದಾರಿ ತಪ್ಪುತ್ತದೆ.

ಮೊನ್ನೆ ಮರಳುವಾಗ ಸವದತ್ತಿಯಲ್ಲಿ ಬಸ್ಸು ಹತ್ತುತ್ತ ಅವಳು ಕೇಳಿದಳು: "ನಾಳಿ ದೇವರಿಲ್ಲಂತ ಪಕ್ಕಾ ಗೊತ್ತಾದ್ರ, ಯಾರ ಜೋಡಿ ಜಗಳಾಡತೀರಿ ನೀವು?"

ಶಟ್ಟೆಪ್ಪ ಸೀಟಿನಲ್ಲಿ ಕೂತು ಯೋಚಿಸಿದ. ಒಂದು ಉತ್ತರ ಹೇಳಿದ, ತಾನೇ ಅಲ್ಲಗಳೆದ. ಮತ್ತೊಂದು ಹೇಳಿದ. ಅಷ್ಟರಲ್ಲಿ ಕಂಡಕ್ಟರ್ ಬಂದು ನಿಂತ.

"ರಾಮದುರ್ಗ, ಎರಡು."

"ಇದು ಧಾರವಾಡದ ಬಸ್ಸರೀ ಯಜಮಾನ್ರ!"

ಸೀಟಿ ಊದಿಸಿ ಇಳಿದದ್ದು ಎಳ್ಳು ಬಿತ್ತಿದ ಹೊಲದ ನಡುವೆ, ಊರು ಬಿಟ್ಟು ಎರಡು ಮೈಲಿಗೆ. ಕಾಡವ್ವ ನಗುತ್ತ ರಸ್ತೆಯಲ್ಲೇ ಕೂತುಬಿಟ್ಟಳು. ಶಟ್ಟೆಪ್ಪ ಅವಳನ್ನು ಎಬ್ಬಿಸಲು ಕೈಕೊಟ್ಟ, ನಗುವಿನಲ್ಲಿ ಕೈಗೆ ಬಲವಿಲ್ಲದೆ ತಾನೂ ಪಕ್ಕಕ್ಕೇ ಕೂತ. ಆಮೇಲೆ ಇಬ್ಬರೂ ಎದ್ದು ಧೂಳು ಕೊಡವಿಕೊಂಡು, ಇಳಿಬಿಸಿಲಲ್ಲಿ ಸವದತ್ತಿಯ ಕಡೆ ನಡೆದರು. ಅವನು ಮೂರನೆಯ ಉತ್ತರ ಶುರುಮಾಡಿದ್ದ.