ಹೊರಗೆ ಚಾಚದ ಕೈ

ಮೊನ್ನೆ ಬಳ್ಳಿಗಾವಿ ರಸ್ತೆಯಲ್ಲಿ ಕುರಿಹಿಂಡೊಂದು ಕಾರಿಗೆ ಅಡ್ಡ ಬಂತು. ಗಾಜು ಏರಿಸಿದ್ದರೂ ಒದ್ದೆ ಉಣ್ಣೆಯ ಕಮಟು ವಾಸನೆ ಒಳಗೆ ನುಗ್ಗಿತು... ಅದರ ಬೆನ್ನಿಗೇ ನನಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ನೆನಪಾದರು.

ಶಿರಾಳಕೊಪ್ಪದಲ್ಲಿ ಅವರದೊಂದು ಹಳೇ ಕಾರು, ಒಂದು ಬೋರ್ಡು. ಡ್ರೈವಿಂಗ್ ಸ್ಕೂಲೆಂದರೆ ಅಷ್ಟೇ. ಬಾಯಿ ಬಲು ಕೆಟ್ಟದ್ದು. ಬಟ್ಟೆ ಅಂಗಡಿಯ ಯಜಮಾನಿ ಎಂಬ ಮರ್ಯಾದೆಯೂ ಇಲ್ಲದೆ ಸ್ಟೀಲ್ ಸ್ಕೇಲಿನಿಂದ ನನ್ನ ಬೆರಳಿಗೆ ಬಾರಿಸುತ್ತಿದ್ದರು. ಬ್ರೇಕು ತುಳಿಯುವ ಮೊದಲು ಬಲಗೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಬೇಕು. ಮರೆತರೆ ಏಟು.

"ಹಿಂದೆ ಬರೋನಿಗೂ ಹೆಂಡ್ತಿ ಮಕ್ಕಳು ಅದಾರ್ರೀ, ಅಕ್ಕಾರೆ. ನಿಮ್ಮ ಮನಸಿನಾಗಿರೋದು ಅವನಿಗೆ ಹೆಂಗೆ ತಿಳೀಬೇಕು?"

ಮನೆಯಲ್ಲಿ ನಾನು ಅದನ್ನೇ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ಲೈಸೆನ್ಸ್ ಬಂತು, ಕಾರೂ ಬಂತು. ಒಂದು ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ, ನಾಲ್ಕು ಜನರ ಎದುರು, "ನಿಮ್ಮ ಬ್ರೇಕ್ ಲೈಟು ಎರಡೂ ಉರೀತಿಲ್ಲ. ಸೊರಬದಾಗೆ ಮಾಡಿಸ್ಕಳ್ರಿ. ಅಲ್ಲಿತನಕ ಹಿಂಗೆ ಕೈ ತೋರಿಸ್ರಿ" ಎಂದು ಆಡಿಸಿ ತೋರಿಸಿದರು. ಬಂಕಿನವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮುಖದೆದುರೇ ಗಾಜು ಏರಿಸಿಕೊಂಡು ಹೊರಟೆ.

ಊರು ದಾಟುತ್ತಲೇ ಕುರಿಗಳು ಅಡ್ಡ ಬಂದವು. ಕನ್ನಡಿಯಲ್ಲಿ ಅವರ ಸ್ಕೂಟರ್ ಕಾಣುತ್ತಿತ್ತು. ಗಾಜು ಇಳಿಸಿ ಕೈ ಚಾಚಲು ಸಮಯವಿತ್ತು... ಇತ್ತು. ಚಾಚಿದರೆ ಅವರು ಗೆದ್ದಂತೆ ಅನ್ನಿಸಿತು. ಸುಮ್ಮನೆ ಬ್ರೇಕು ತುಳಿದೆ. ತಾವು ಕಲಿಸಿದವಳು ಕೈ ತೋರಿಸದೆ ನಿಲ್ಲಲಾರಳು ಎಂದು ನಂಬಿದ್ದರೋ ಏನೋ, ನೇರ ಬಂದು ಗುದ್ದಿದರು.

ಇಳಿದು ನೋಡಿದರೆ ಟಾರಿನ ಮೇಲೆ ಬಿದ್ದಿದ್ದರು. ಮೊಣಕಾಲು ತಿರುಚಿಕೊಂಡಿತ್ತು. "ಏನಾತ್ರೀ?" ಎಂದು ಕುರಿಯವನು ಓಡಿಬಂದ.

"ನಾ ಕೈ ತೋರಿಸಿದೆ. ಇವರೇ ನೋಡದೆ ಬಂದ್ರು" ಅಂದೆ.

ಮೇಷ್ಟ್ರು ಬಿದ್ದಲ್ಲಿಂದಲೇ ನನ್ನನ್ನು ನೋಡಿದರು. ಅಂಥ ಬಾಯಿಬಡುಕರು ಅವತ್ತೇ ಸುಮ್ಮನಿರಬೇಕೆ?

ನಿಂತ ಕಾರಿಗೆ ಗುದ್ದಿದವನು ಏನು ಕಲಿಸಿಯಾನು ಎಂದು ಜನ ಆಡಿಕೊಂಡರು. ಮಳೆಗಾಲ ಮುಗಿಯುವುದರೊಳಗೆ ಬೋರ್ಡು ಇಳಿಯಿತು. ಕೋಲೂರಿಕೊಂಡು ನನ್ನ ಅಂಗಡಿ ಮುಂದೆಯೇ ಹೋಗುತ್ತಿದ್ದರು... ನಾನು ಸೀರೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ. ನಿನ್ನೆ ಅವರ ಮಗಳು ಅಂಗಡಿಗೆ ಬಂದಿದ್ದಳು.

"ಅಪ್ಪಾರು ನಿಮ್ಮನ್ನ ಒಂದಿನಾನೂ ಬೈಲಿಲ್ಲ ಅಕ್ಕಾರೆ. ನಾ ಕಲಿಸಿದೋರು ಕೈ ತೋರಿಸಿರ್ತಾರೆ, ನನ್ನ ಕಣ್ಣೇ ಮಂಜಾಗೈತಿ ಅಂತಿದ್ರು. ಆಮೇಲೆ ಗಾಡೀನೇ ಮುಟ್ಲಿಲ್ಲ ನೋಡ್ರಿ."

ಅವಳು ನನ್ನ ಮಾತಿಗಾಗಿ ಕಾದು ನಿಂತಳು.

"ಹೌದಮ್ಮ, ತೋರಿಸಿದ್ದೆ" ಅಂದೆ.