ಉಜ್ಜಿದ ಹಂಡೆ

ಅವತ್ತು ಮಧ್ಯಾಹ್ನ ನಾನು ಹಿತ್ತಲಲ್ಲಿ ಕೌದಿ ಹಿಂಡುತ್ತಿದ್ದೆ. ಕುಕ್ಕುವಾಡದ ನಮ್ಮ ದಾಯಾದಿಗಳಲ್ಲಿ ಹಿರಿಯರೊಬ್ಬರು ತೀರಿಕೊಂಡು ನಮಗೂ ಸೂತಕ ಬಂದಿತ್ತು. ಅದು ಕಳೆದ ದಿನ ಮನೆಯ ಬಟ್ಟೆ, ಪಾತ್ರೆ ಒಂದನ್ನೂ ಬಿಡದೆ ತೊಳೆಯಬೇಕು. ಬೆಳಗಿನಿಂದ ಬಗ್ಗಿದ ಸೊಂಟ ನೆಟ್ಟಗಾಗಿರಲಿಲ್ಲ. ನಲ್ಲಿಯಲ್ಲಿ ನೀರಾದರೂ ನಿಲ್ಲದೆ ಬರುತ್ತಿದೆಯಲ್ಲ, ದೇವರು ದೊಡ್ಡವನು ಅಂದುಕೊಂಡೆ.

ಮಗಳು ಫೋನು ಹಿಡಿದು ಓಡಿಬಂದಳು. "ಅಮ್ಮ, ಹರಿಹರದೋರು ಫೋನ್ ಮಾಡಿದ್ರು. ಸೌಂಡ್ ಹಿಡಿಸೈತಂತೆ! ಆದ್ರೆ ಗಕ್ಕನೆ ನಿಂತು ಹೋಗ್ತೈತಂತೆ. ಉದ್ದ ಮಾಡಿ ಸಂಜಿಯೊಳಗೆ ಕಳ್ಸು ಅಂದ್ರು."

ಹರಿಹರದ ಒಂದು ಭಜನಾ ತಂಡದಲ್ಲಿ ಕೀಬೋರ್ಡ್ ನುಡಿಸುವವರು ಬೇಕಾಗಿದ್ದರು. ಎಲ್ಲರ ಕೀಬೋರ್ಡಿನಲ್ಲೂ ಇರುವ ದನಿ ಬೇಡ, ನಿನ್ನದೇ ಒಂದು ಮಾಡಿಕೊಂಡು ಬಾ, ಆಮೇಲೆ ನೋಡೋಣ ಎಂದಿದ್ದರು ಆ ತಂಡದ ಯಜಮಾನರು. ಅದಕ್ಕೂ ಮೊದಲು ಇವಳು ಹೋದ ಕಡೆಯೆಲ್ಲ "ಹೆಣ್ಣುಹುಡುಗಿ, ಊರೂರು ಹೆಂಗೆ ತಿರುಗ್ತಾಳೆ" ಎಂದೇ ವಾಪಸ್ ಕಳಿಸಿದ್ದರು. ಇದೂ ತಪ್ಪಿದರೆ ಕೀಬೋರ್ಡ್ ಮಾರಿಬಿಡುತ್ತೇನೆ ಎಂದು ಕೂತಿದ್ದಳು.

ದೇವರ ಗಂಟೆಯ ನಾದದಿಂದಲೇ ಮಾಡಬೇಕೆಂದು ಅವಳಿಗೆ ಆಸೆ. ಸೂತಕದಲ್ಲಿ ಗಂಟೆ ಮುಟ್ಟುವಂತಿರಲಿಲ್ಲ. ಅದಕ್ಕೆ ಬಚ್ಚಲಿನ ತಾಮ್ರದ ಹಂಡೆಗೆ ಸೌಟಿನಿಂದ ಬಡಿದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಹೊರಗೆ ಮಸಿ, ಒಳಗೆ ಬೋರ್ ನೀರಿನ ಬಿಳಿ ಪೊರೆ. ಹಂಡೆ ಗುಂಯ್ ಎಂದು ಹೊಟ್ಟೆಯೊಳಗಿಂದ ನರಳಿದ ಹಾಗಿತ್ತು. ಬಡಿದ ಸದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಉಳಿದ ಗುಂಯ್‌ಕಾರವನ್ನು ಕೀಬೋರ್ಡಿನ ಕಪ್ಪು ಬಿಳಿ ಮನೆಗಳಿಗೆಲ್ಲ ಹಂಚಿದ್ದಳು. ಕೆಳಗಿನ ಮನೆ ಒತ್ತಿದರೆ ಮುದುಕರ ನಿಟ್ಟುಸಿರು, ಮೇಲಿನದು ಒತ್ತಿದರೆ ದೂರದ ಶಂಖ. ಆದರೆ ಏಟು ಬಿದ್ದ ಬೆನ್ನಿಗೇ ಒಳಗೆ ನನ್ನ ಕುಕ್ಕರ್ ಕೂಗಿತ್ತು. ಅಲ್ಲಿಗೆ ದನಿಯನ್ನು ತುಂಡು ಮಾಡಿ ಹಾಗೇ ಕಳಿಸಿದ್ದಳು.

"ಇನ್ನೊಂದ್ಸಲ ಬಡಿದ್ರಾತು" ಎಂದು ಸೌಟು ಹಿಡಿದು ಬಚ್ಚಲಿಗೆ ಹೋದವಳು ಬಾಗಿಲಲ್ಲೇ ನಿಂತಳು. ಹಂಡೆ ಥಳಥಳ ಹೊಳೆಯುತ್ತಿತ್ತು. ಅತ್ತೆ ಬೆಳಗ್ಗೆಯೇ ಹುಣಸೆಹಣ್ಣು, ಉಪ್ಪು ಹಾಕಿ ಒಳಗೂ ಹೊರಗೂ ಉಜ್ಜಿಬಿಟ್ಟಿದ್ದರು. ಬಡಿದರೆ ಟಣ್ ಎಂದಿತು, ಪಾತ್ರೆ ಅಂಗಡಿಯ ಹೊಸ ಮಾಲಿನಂತೆ.

"ಅಜ್ಜಿ, ಯಾಕ ಉಜ್ಜಿದಿ?"

"ಸೂತಕ ಕಳೆದ ದಿನ ಉಜ್ಜದೆ ನಿನ್ನ ಮದುವಿಗೆ ಉಜ್ಜಲೇನು? ಮಸಿ ಬೇಕಂದ್ರೆ ಇವತ್ತಿಂದ ಒಲಿ ಹಚ್ಚವ್ವ, ನಿನ್ನ ಮೊಮ್ಮಕ್ಕಳ ಕಾಲಕ್ಕೆ ಹಿಡಿತೈತೆ."

ನನಗೆ ನಗು ಬಂತು, ನಗುವ ತ್ರಾಣ ಇರಲಿಲ್ಲ. "ಈಗ ಗಂಟೆ ಬಾರಿಸಬಹುದಲ್ಲೇ" ಎಂದೆ.

"ಅವರಿಗೆ ಹಿಡಿಸಿದ್ದು ಹಂಡೆ, ಅಮ್ಮ."

ಕುಕ್ಕರ್ ಕೂಗುವ ಮುಂಚಿನ ಆ ಚೂರು ದನಿಯನ್ನೇ ಇಟ್ಟುಕೊಂಡು ಕೂತಳು. ಒಮ್ಮೆ ನೇರ, ಒಮ್ಮೆ ಹಿಂದುಮುಂದಾಗಿ, ತುದಿಗೆ ತುದಿ ಸೇರಿಸುತ್ತ ಹೋದಳು. ಸೇರಿಸಿದಲ್ಲೆಲ್ಲ ಟಕ್ ಎನ್ನುತ್ತಿತ್ತು. ಒದ್ದೆ ಸೀರೆಯಲ್ಲೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಈಗ ಕೇಳ್ತೈತಾ?"

"ಕೇಳ್ತೈತೆ."

"ಈಗ?"

"ಇನ್ನೂ ಐತೆ ಕಣೆ."

ಎರಡು ತುದಿಗಳನ್ನು ಒಂದರ ಮೇಲೊಂದು ಹೊದಿಸಿ, ಒಂದು ಇಳಿಯುವಾಗ ಇನ್ನೊಂದು ಏರುವಂತೆ ಮಾಡಿದಳು. ನನಗೆ ತೂಕಡಿಕೆ. ಕಣ್ಣು ಬಿಟ್ಟಾಗ ಟಕ್ ಹೋಗಿತ್ತು. ದನಿ ಏರಿ ಇಳಿದು ಏರುತ್ತ, ಕೈ ತೆಗೆಯುವವರೆಗೂ ನಿಲ್ಲಲಿಲ್ಲ. ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಯಜಮಾನರ ಫೋನ್ ನನಗೇ ಬಂತು. "ಚೆನ್ನಾಗೈತೆ ತಾಯಿ, ಮೊದಲನೇ ಭಜನಿ ಪದಕ್ಕೆ ಇದ್ನೇ ಇಟ್ಕಂತೀವಿ. ಭಾನುವಾರದಿಂದ ಬರ್ಲಿ ಮಗಳು. ಆದ್ರೆ ಹೊರಗಿನ ಊರಿಗೆ ಹೋದಾಗ ಮನಿಯೋರು ಒಬ್ರು ಜೊತಿಗಿರಬೇಕ್ರಿ. ನಮಗೂ ಜವಾಬ್ದಾರಿ ನೋಡ್ರಿ."

ಮನೆಯೋರು ಒಬ್ಬರು ಅಂದರೆ ಯಾರು? ಇವಳ ಅಪ್ಪನಿಗೆ ಇಲ್ಲೇ ಕರೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು, ಅತ್ತೆಗೆ ಮೊಣಕಾಲು ನೋವು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗ್ಲಿ, ಬರ್ತೀನ್ರಿ" ಎಂದೆ. ಅಲ್ಲಿ ಕೂತಷ್ಟು ಹೊತ್ತಾದರೂ ನನಗೆ ಭಜನೆ ಕಿವಿಗೆ ಬೀಳುತ್ತದೆ.

ನೆನೆಸಿದ ಅಕ್ಕಿ ಹಾಗೇ ಇತ್ತು. ದೋಸೆಗೆ ರುಬ್ಬಲು ಎದ್ದೆ.